ಹಳೆಯ ಲಾರಿಯ ಜೀರ್ಣೋದ್ಧಾರ

ನಮ್ಮ ಶಾಸನಗಳ ಪರಿಚಯವುಳ್ಳವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಹೊಸದಲ್ಲ. ಬಸದಿಗೋ ದೇಗುಲಕ್ಕೋ ಭೂಮಿಯನ್ನು ದತ್ತಿ ಬಿಡುವಾಗ ಪೂಜೆಯ ವೆಚ್ಚದ ಜೊತೆಗೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆ ಮಾತಿನಲ್ಲಿ ಒಂದು ವಿವೇಕವಿದೆ. ಒಡೆದ ಭಾಗ ಸರಿಯಾಗಬೇಕು, ಕಟ್ಟಡ ತನ್ನ ಕೆಲಸವನ್ನು ಮುಂದುವರಿಸಬೇಕು. ಆದರೆ ಇಡೀ ಕಟ್ಟಡವನ್ನು ಕೆಡವಿ, ಹೊಸದನ್ನು ಕಟ್ಟಿ, ಅದನ್ನೇ ಹಳೆಯದೆಂದು ಕರೆಯಿರಿ ಎಂದು ಆ ಮಾತು ಹೇಳುವುದಿಲ್ಲ. ಈ ವಿವೇಕವನ್ನು ಗುಡಿಗೋಪುರಗಳಿಂದ ಬಹುದೂರದ ಒಂದು ವಸ್ತುವಿಗೆ, ಅಂದರೆ ಭಾರೀ ಸರಕು ಸಾಗಿಸುವ ಹಳೆಯ ಲಾರಿಗೆ, ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಲಾರಿಗೂ ಜೀರ್ಣೋದ್ಧಾರವೇ ಎಂದು ಓದುಗರಿಗೆ ಅನ್ನಿಸೀತು. ನಮ್ಮಲ್ಲಿ ಲಾರಿ ಹಳತಾದರೆ ಕೈಯಿಂದ ಕೈಗೆ ಮಾರಾಟವಾಗುತ್ತ, ಹೆದ್ದಾರಿಯಿಂದ ಮರಳಿನ ದಾರಿಗೆ, ಅಲ್ಲಿಂದ ಗುಜರಿಗೆ ಇಳಿಯುತ್ತದೆ. ಅಮೆರಿಕದಲ್ಲಿಯೂ ಬಹುಪಾಲು ಲಾರಿಗಳ ಗತಿ ಇದೇ. ಆದರೂ ಅಲ್ಲಿ ಕೆಲವರು ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಐವತ್ತು ಅರುವತ್ತು ವರ್ಷದ ಲಾರಿಯನ್ನು ಎಳೆದು ತಂದು, ವರ್ಷಗಟ್ಟಲೆ ದುಡಿದು, ಮತ್ತೆ ರಸ್ತೆಗಿಳಿಸುತ್ತಾರೆ. 1971ರಲ್ಲಿ ಅಲ್ಲಿ ಹುಟ್ಟಿದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ ಈ ಕೆಲಸಕ್ಕೆ ಒಂದು ಸಂಸ್ಥೆಯ ರೂಪ ಕೊಟ್ಟಿತು. ಅಯೋವಾ ಸಂಸ್ಥಾನದ ವಾಲ್‌ಕಾಟ್‌ನಲ್ಲಿ ಹೆದ್ದಾರಿಯ ಪಕ್ಕದಲ್ಲೇ ಹಳೆಯ ಲಾರಿಗಳದ್ದೊಂದು ಮ್ಯೂಸಿಯಂ ಇದೆ. ಇದನ್ನು ಹಣವಂತರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ಹೀಗೆ ದುಡಿಯುವವರಲ್ಲಿ ನಿವೃತ್ತ ಚಾಲಕರೂ ಮೆಕ್ಯಾನಿಕ್‌ಗಳೂ ಅನೇಕರು. ಅವರು ಉಳಿಸುತ್ತಿರುವುದು ಏನನ್ನು ಎಂಬ ಪ್ರಶ್ನೆಯೇ ನಮ್ಮನ್ನು ಈ ವಿಷಯಕ್ಕೆ ಎಳೆದುತಂದಿತು.

ಮೊದಲು ವಾಹನದ ಸ್ವರೂಪವನ್ನು ತಿಳಿಯೋಣ. ಅಮೆರಿಕನ್ನರು 'ಸೆಮಿ' ಎಂದು ಕರೆಯುವುದು ನಾವು ಟ್ರೇಲರ್ ಲಾರಿ ಎನ್ನುವುದನ್ನು. ಮುಂದೆ ಇಂಜಿನ್ನು ಮತ್ತು ಚಾಲಕನ ಕ್ಯಾಬಿನ್ ಇರುವ ಎಳೆಯುವ ಗಾಡಿ. ಹಿಂದೆ ಸರಕಿನ ಗಾಡಿ. ಸರಕಿನ ಗಾಡಿಗೆ ಮುಂದಿನ ಚಕ್ರಗಳಿಲ್ಲ. ಅದರ ಮುಂಭಾಗದ ಭಾರ ಎಳೆಯುವ ಗಾಡಿಯ ಬೆನ್ನಿನ ಮೇಲೆ, ತಿರುಗುವ ಒಂದು ಉಕ್ಕಿನ ತಟ್ಟೆಯ ಮೇಲೆ ಕೂರುತ್ತದೆ. ಅರ್ಧ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸುವುದರಿಂದಲೇ ಅದು 'ಸೆಮಿ'. ಆ ತಟ್ಟೆಯ ಹೆಸರು 'ಫಿಫ್ತ್ ವ್ಹೀಲ್', ಐದನೆಯ ಚಕ್ರ. ಕುದುರೆಗಾಡಿಗಳ ಮುಂದಿನ ಅಚ್ಚು ತಿರುಗಲೆಂದು ಅಡ್ಡಡ್ಡ ಇಡುತ್ತಿದ್ದ ಬಳೆಯಿಂದ ಬಂದ ಹೆಸರದು. ಕುದುರೆ ಹೋಗಿ ನೂರು ವರ್ಷವಾದರೂ ಅದರ ಗಾಡಿಯ ಮಾತು ಉಕ್ಕಿನಲ್ಲಿ ಉಳಿದಿದೆ.

ಸೆಮಿ ಟ್ರೇಲರ್‌ನ ಕಥೆಯೂ ಕುದುರೆಲಾಳದ ಕುಲುಮೆಯಿಂದಲೇ ಹೊರಟಿತು. 1914ರಲ್ಲಿ ಡೆಟ್ರಾಯಿಟ್ ನಗರದ ಕಮ್ಮಾರ ಆಗಸ್ಟ್ ಫ್ರುಹಾಫ್ ಎಂಬಾತನ ಬಳಿಗೆ ಫ್ರೆಡರಿಕ್ ಸಿಬ್ಲೆ ಎಂಬ ಮರದ ವ್ಯಾಪಾರಿ ಬಂದ. ತನ್ನ ದೋಣಿಯನ್ನು ಉತ್ತರದ ಸರೋವರಕ್ಕೆ ಸಾಗಿಸಲು ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದೆ ಕಟ್ಟುವ ಗಾಡಿಯೊಂದು ಅವನಿಗೆ ಬೇಕಿತ್ತು. ಫ್ರುಹಾಫ್ ಅದನ್ನು ಮಾಡಿಕೊಟ್ಟು ಸೆಮಿ ಟ್ರೇಲರ್ ಎಂದು ಕರೆದ. ದೋಣಿ ಸಾಗಿಸಿದ ಗಾಡಿ ಮರವನ್ನೂ ಸಾಗಿಸಬಲ್ಲದೆಂದು ಸಿಬ್ಲೆಗೆ ಹೊಳೆಯಿತು. ಇನ್ನಷ್ಟು ಗಾಡಿಗಳನ್ನು ಮಾಡಿಸಿದ. 1918ರಲ್ಲಿ ಫ್ರುಹಾಫ್ ಟ್ರೇಲರ್ ಕಂಪನಿ ಸ್ಥಾಪನೆಯಾಯಿತು. ಕುದುರೆ ಹೊರಲಾಗದ್ದನ್ನು ಎಳೆಯಬಲ್ಲದು ಎಂಬ ಹಳೆಯ ಅನುಭವವೇ ಇಲ್ಲಿಯೂ ಕೆಲಸ ಮಾಡಿತು. ಜೊತೆಗೆ ಇನ್ನೊಂದು ಅನುಕೂಲವಿತ್ತು. ಸರಕು ಇಳಿಸುವ ತನಕ ಇಂಜಿನ್ನಿನ ಗಾಡಿ ಕಾದು ನಿಲ್ಲಬೇಕಿಲ್ಲ. ಒಂದು ಟ್ರೇಲರನ್ನು ಬಿಟ್ಟು ಇನ್ನೊಂದನ್ನು ಎಳೆದುಕೊಂಡು ಹೋಗಬಹುದು.

ಅದೇ ಕಾಲದಲ್ಲಿ ಎಳೆಯುವ ಗಾಡಿಗಳೂ ಬಲಿಯುತ್ತಿದ್ದವು. ಬ್ರೂಕ್ಲಿನ್‌ನಲ್ಲಿ ಗಾಡಿ ಕಟ್ಟುತ್ತಿದ್ದ ಮ್ಯಾಕ್ ಸಹೋದರರು ಮೋಟಾರು ವಾಹನಕ್ಕೆ ಹೊರಳಿ, 1905ರಲ್ಲಿ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ಗೆ ಬಂದರು. 1916ರಲ್ಲಿ ಅವರ ಕಂಪನಿ ತಂದ 'ಎಸಿ' ಲಾರಿ ಮೊದಲ ಮಹಾಯುದ್ಧದ ಕೆಸರಿನಲ್ಲಿ ಹೆಸರು ಮಾಡಿತು. ಅದರ ಮೊಂಡು ಮೂತಿಯನ್ನೂ ಹಿಡಿದ ಪಟ್ಟು ಬಿಡದ ಗುಣವನ್ನೂ ಕಂಡ ಬ್ರಿಟಿಷ್ ಸೈನಿಕರು 'ಬುಲ್‌ಡಾಗ್' ಎಂದು ಕರೆದರಂತೆ. 1932ರಲ್ಲಿ ಕಂಪನಿಯ ಮುಖ್ಯ ಇಂಜಿನಿಯರ್ ಆಲ್ಫ್ರೆಡ್ ಮೇಸರಿ ಆಸ್ಪತ್ರೆಯಲ್ಲಿದ್ದಾಗ ಮರದಲ್ಲಿ ಆ ನಾಯಿಯ ಆಕೃತಿಯನ್ನು ಕೆತ್ತಿದ. ಅದೇ ಮ್ಯಾಕ್ ಲಾರಿಗಳ ಮೂತಿಯ ಮೇಲೆ ಇಂದಿಗೂ ನಿಂತಿರುವ ಗುರುತು. ಮರುವರ್ಷವೇ, 1933ರ ಏಪ್ರಿಲ್‌ನಲ್ಲಿ, ಅಕ್ರನ್ ಎಂಬ ವಾಯುನೌಕೆಯ ದುರಂತದಲ್ಲಿ ಮೇಸರಿ ತೀರಿಕೊಂಡ.

ಜೀರ್ಣೋದ್ಧಾರ ಮಾಡುವವರಿಗೆ ಅಚ್ಚುಮೆಚ್ಚಾದ ಲಾರಿಗಳಲ್ಲಿ ಮ್ಯಾಕ್ ಕಂಪನಿಯ 'ಬಿ' ಮಾದರಿಗೆ ವಿಶೇಷ ಸ್ಥಾನವಿದೆ. 1953ರಿಂದ 1966ರವರೆಗೆ ತಯಾರಾದ ಈ ಲಾರಿಗಳ ಒಟ್ಟು ಸಂಖ್ಯೆ 1,27,000ಕ್ಕೂ ಹೆಚ್ಚು. ದುಂಡಗಿನ ಮೂತಿ, ಉಬ್ಬಿದ ಮಡ್‌ಗಾರ್ಡು, ಚಿಕ್ಕ ಕ್ಯಾಬಿನ್ನು. ಅವುಗಳಲ್ಲಿ ಬಹುಜನಪ್ರಿಯವಾದ ಬಿ-61ರ ಒಂದು ಗಾಡಿ ನಮಗೆ ಸಿಕ್ಕಿತೆಂದು ಭಾವಿಸಿಕೊಂಡು, ಕೆಲಸ ಹೇಗೆ ಸಾಗುತ್ತದೆಂದು ನೋಡೋಣ. ಪ್ರತಿ ಹಂತದಲ್ಲೂ ಲೋಹದ ಒಳಗಿನಿಂದ ಚರಿತ್ರೆಯ ಒಂದೊಂದು ಎಳೆ ಹೊರಬರುತ್ತದೆ.

ಮೊದಲ ಕೆಲಸ ಓದುವುದು, ಬಿಚ್ಚುವುದಲ್ಲ. ಚಾಸಿಯ ನಂಬರನ್ನು ಹುಡುಕಬೇಕು. ಅಲೆನ್‌ಟೌನ್‌ನಲ್ಲಿರುವ ಮ್ಯಾಕ್ ಮ್ಯೂಸಿಯಮ್ಮಿನ ಹಳೆಯ ದಾಖಲೆಗಳ ನೆರವಿನಿಂದ ಗಾಡಿ ಕಾರ್ಖಾನೆಯಿಂದ ಹೊರಟಾಗ ಅದಕ್ಕೆ ಯಾವ ಇಂಜಿನ್ನು, ಯಾವ ಗೇರುಪೆಟ್ಟಿಗೆ, ಯಾವ ಆಕ್ಸಲ್ ಇತ್ತೆಂದು ತಿಳಿಯಬಹುದು. ಬಹಳ ಸಲ ದಾಖಲೆ ಒಂದು ಹೇಳುತ್ತದೆ, ಕಣ್ಣೆದುರಿನ ಗಾಡಿ ಇನ್ನೊಂದು ಹೇಳುತ್ತದೆ. ಮಾಲೀಕರು ಬದಲಾದಂತೆ ಇಂಜಿನ್ನೂ ಬದಲಾಗಿರುತ್ತದೆ. ಬೇರೆ ಗಾಡಿಯ ಆಕ್ಸಲ್ ಬಂದು ಕೂತಿರುತ್ತದೆ. ಆದ್ದರಿಂದ ಲಾರಿಯ 'ಮೂಲರೂಪ' ಯಾವುದು ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಅದು ಹುಟ್ಟಿದ ದಿನದ ರೂಪವೋ, ಇಪ್ಪತ್ತು ವರ್ಷ ದುಡಿದ ರೂಪವೋ?

ಎರಡನೆಯದು ಚಾಸಿ. ಉತ್ತರ ಅಮೆರಿಕದಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಒಂದರೊಳಗೊಂದು ಕೂಡಿಸಿದ ಚಾಸಿಯ ಎರಡು ಉಕ್ಕಿನ ಪದರಗಳ ನಡುವೆ ಸೇರಿ ತುಕ್ಕಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಅದು ಊದಿಕೊಂಡು ದಪ್ಪ ಉಕ್ಕನ್ನೇ ಅಲೆಅಲೆಯಾಗಿ ಬಾಗಿಸುತ್ತದೆ. ಆಗ ರಿವೆಟ್‌ಗಳನ್ನು ಕಡಿದು, ಪದರಗಳನ್ನು ಬೇರ್ಪಡಿಸಿ, ಮರಳಿನ ಧಾರೆಯಿಂದ ಉಜ್ಜಿ, ಮತ್ತೆ ಜೋಡಿಸಬೇಕು. ಕೆಲವರು ಹಳೆಯಂತೆಯೇ ರಿವೆಟ್ ಕಾಯಿಸಿ ಬಡಿಯುತ್ತಾರೆ. ಹೆಚ್ಚಿನವರು ಬೋಲ್ಟು ಹಾಕಿ ಮುಗಿಸುತ್ತಾರೆ. ಬೋಲ್ಟು ಬಲದಲ್ಲಿ ಕಡಿಮೆಯೇನಲ್ಲ. ಆದರೆ ರಿವೆಟ್ ಬಡಿಯುವ ಕೈಗಳು ಇಲ್ಲವಾದ ಕಾಲದಲ್ಲಿ ಈ ರಿಪೇರಿ ನಡೆಯಿತೆಂದು ಅದೂ ಮುಂದಿನವರಿಗೆ ಸಾಕ್ಷಿ ಹೇಳುತ್ತದೆ.

ಮೂರನೆಯದು ಇಂಜಿನ್ನು. ಬಿ-61ರ ಹೃದಯ 'ಥರ್ಮೊಡೈನ್' ಎಂಬ ಆರು ಸಿಲಿಂಡರಿನ ಡೀಸೆಲ್ ಇಂಜಿನ್ನು. ಗಾತ್ರ 673 ಘನ ಅಂಗುಲ, ಅಂದರೆ ಸುಮಾರು 11 ಲೀಟರ್. ಬಲ 170 ಅಶ್ವಶಕ್ತಿ. ವರ್ಷಗಟ್ಟಲೆ ನಿಂತ ಇಂಜಿನ್ನು ಸೀಜ್ ಆಗಿರುತ್ತದೆ. ಆತುರದಿಂದ ಸ್ಟಾರ್ಟರ್ ಒತ್ತಿದರೆ ಒಳಗೆ ಏನಾದರೂ ಮುರಿದೀತು. ನಾಝಲ್‌ಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಫ್ಲೈವ್ಹೀಲನ್ನು ಸನ್ನೆಯಿಂದ ಅಂಗುಲ ಅಂಗುಲವಾಗಿ ಹಿಂದೆಮುಂದೆ ಅಲುಗಾಡಿಸಬೇಕು. ಡೀಸೆಲ್ ಪಂಪನ್ನು ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳುಹಿಸಬೇಕು. ಇದೆಲ್ಲ ಅವಸರವನ್ನು ಸಹಿಸದ ಕೆಲಸ.

ಇಂದಿನ ಟ್ರೇಲರ್ ಲಾರಿಗಳ 400, 500 ಅಶ್ವಶಕ್ತಿಯ ಎದುರು 170 ಎಂಬುದು ಏನೇನೂ ಅಲ್ಲ. ಆ ಕೊರತೆಯನ್ನು ತುಂಬಲು ಗೇರುಗಳು ಬೇಕಾದವು. ಅದಕ್ಕಾಗಿಯೇ ಆ ಕಾಲದ ಮ್ಯಾಕ್‌ಗಳಲ್ಲಿ ಎರಡೆರಡು ಗೇರು ಹಿಡಿಗಳು. ಒಂದರಲ್ಲಿ ಐದು ಗೇರು; ಇನ್ನೊಂದು ಹಿಡಿ ಆ ಐದನ್ನು ಎರಡು ಪಟ್ಟೋ ಮೂರು ಪಟ್ಟೋ ನಾಲ್ಕು ಪಟ್ಟೋ ಮಾಡುತ್ತದೆ. ಹತ್ತು ಗೇರಿನದು ಡ್ಯೂಪ್ಲೆಕ್ಸ್, ಹದಿನೈದರದು ಟ್ರಿಪ್ಲೆಕ್ಸ್, ಇಪ್ಪತ್ತರದು ಕ್ವಾಡ್ರುಪ್ಲೆಕ್ಸ್. ಏರುದಾರಿಯಲ್ಲಿ ಎರಡೂ ಹಿಡಿಗಳನ್ನು ಒಮ್ಮೆಲೇ ಬದಲಿಸಬೇಕಾದಾಗ ಚಾಲಕ ಎಡಗೈಯನ್ನು ಸ್ಟೇರಿಂಗ್ ಚಕ್ರದ ಕಡ್ಡಿಗಳ ನಡುವೆ ತೂರಿಸಿ ಒಂದು ಹಿಡಿಯನ್ನು, ಬಲಗೈಯಿಂದ ಇನ್ನೊಂದನ್ನು ಹಿಡಿಯುತ್ತಿದ್ದ. ಆ ಕ್ಷಣ ಮುಂಚಕ್ರ ಗುಂಡಿಗೆ ಬಿದ್ದು ಸ್ಟೇರಿಂಗ್ ತಿರುಗಿದರೆ ಕೈ ಮುರಿಯುವ ಅಪಾಯ. ಆ ಗೇರು ಹಿಡಿಗಳ ಮೇಲ್ತುದಿ ನಯವಾಗಿ ಸವೆದಿರುವುದನ್ನು ನೋಡಿದಾಗ, ಒಬ್ಬ ಮನುಷ್ಯನ ಅಂಗೈ ಅಲ್ಲಿ ಎಷ್ಟು ಸಾವಿರ ಸಲ ಕುಳಿತಿರಬೇಕೆಂದು ಯೋಚಿಸದೆ ಇರಲಾಗದು. ಹೊಸ ಹಿಡಿ ಕೊಳ್ಳುವುದು ಸುಲಭ. ಆ ಸವೆತವನ್ನು ಎಲ್ಲಿಯೂ ಕೊಳ್ಳಲಾಗದು.

ನಾಲ್ಕನೆಯದು ಚಕ್ರ ಮತ್ತು ಬ್ರೇಕು. ಇಲ್ಲಿ ಭಾವುಕತೆಗೆ ಅವಕಾಶವಿಲ್ಲ. ಹಳೆಯ ಟಯರುಗಳನ್ನು ರಿಮ್ಮಿನ ಮೇಲೆ ಹಿಡಿದಿಡುವುದು ಕತ್ತರಿಸಿದ ಬಳೆಯಂತಹ ಲಾಕ್ ರಿಂಗು. ಅದು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಚಿಮ್ಮಿ ಎದುರಿದ್ದವನ ಪ್ರಾಣ ತೆಗೆಯುತ್ತದೆ. ನಮ್ಮ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯವರಿಗೂ ಈ ಭಯ ಗೊತ್ತು. 1980ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಇಂತಹ ಚಕ್ರಗಳಿಗೆ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕೆಂದು ವಿಧಿಸಿದವು. ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಅದರ ಧೂಳನ್ನು ಊದಿ ಹಾರಿಸುವಂತಿಲ್ಲ. ಗಾಳಿ ಸೋರಿಹೋದಾಗ ಸ್ಪ್ರಿಂಗಿನ ಬಲದಿಂದ ತಾನಾಗಿಯೇ ಹಿಡಿದುಕೊಳ್ಳುವ ಬ್ರೇಕು ಆ ಕಾಲದ ಎಷ್ಟೋ ಗಾಡಿಗಳಲ್ಲಿ ಇರಲಿಲ್ಲ. ವಿವೇಕಿಗಳು ಅದನ್ನು ಈಗ ಅಳವಡಿಸುತ್ತಾರೆ. ಮೂಲಕ್ಕೆ ಅದು ನಿಷ್ಠವಲ್ಲ, ನಿಜ. ಆದರೆ ಮೂಲನಿಷ್ಠೆಗಾಗಿ ದಾರಿಹೋಕರ ಪ್ರಾಣವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.

ಐದನೆಯದು ಬಣ್ಣ. ನಮ್ಮ ದೃಷ್ಟಿಯಲ್ಲಿ ಇಡೀ ಕೆಲಸದ ಅತಿ ಸೂಕ್ಷ್ಮವಾದ ಘಟ್ಟ ಇದೇ. ಬಾಗಿಲ ಮೇಲಿನ ಬಣ್ಣವನ್ನು ನೀರು ಹಾಕಿ ಹದವಾಗಿ ಉಜ್ಜುತ್ತ ಹೋದರೆ ಕೆಳಗಿನ ಪದರಗಳಲ್ಲಿ ಹಳೆಯ ಅಕ್ಷರಗಳು ಮಸುಕಾಗಿ ಮೂಡುತ್ತವೆ. ಸಾಗಣೆ ಸಂಸ್ಥೆಯ ಹೆಸರು, ಊರಿನ ಹೆಸರು, ಅದರ ಕೆಳಗೆ 'ಐಸಿಸಿ' ಎಂಬ ಮೂರು ಅಕ್ಷರ ಮತ್ತು ಒಂದು ಸಂಖ್ಯೆ. ಈ ಸಂಖ್ಯೆಯ ಹಿಂದೆ ಒಂದು ಯುಗದ ಆಡಳಿತವೇ ಅಡಗಿದೆ.

1935ರ ಮೋಟಾರ್ ಕ್ಯಾರಿಯರ್ ಕಾಯಿದೆ ಅಂತರರಾಜ್ಯ ಲಾರಿ ಸಾಗಣೆಯನ್ನು ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ ಎಂಬ ಆಯೋಗದ ಅಧೀನಕ್ಕೆ ತಂದಿತು. ಯಾರು, ಯಾವ ದಾರಿಯಲ್ಲಿ, ಯಾವ ಸರಕನ್ನು, ಯಾವ ದರಕ್ಕೆ ಸಾಗಿಸಬಹುದೆಂಬುದೆಲ್ಲ ಆಯೋಗದ ಕಣ್ಗಾವಲಿಗೆ ಬಂತು. ರೈತರ ಕಚ್ಚಾ ಉತ್ಪನ್ನಕ್ಕೆ ಮಾತ್ರ ವಿನಾಯಿತಿ. ಬಾಗಿಲ ಮೇಲಿನ ಆ ಸಂಖ್ಯೆ ಈ ಅನುಮತಿಯ ಗುರುತು. ಚಾಲಕ ದಿನಕ್ಕೆ ಎಷ್ಟು ಗಂಟೆ ಓಡಿಸಬಹುದೆಂಬ ನಿಯಮವೂ ಆ ದಶಕದ ಕೊನೆಯಲ್ಲೇ ಬಂತು. 1964ರಲ್ಲಿ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ ನಾಯಕ ಜಿಮ್ಮಿ ಹೋಫಾ ದೇಶದಾದ್ಯಂತ ನಾಲ್ಕು ಲಕ್ಷಕ್ಕೂ ಹೆಚ್ಚು ಚಾಲಕರಿಗೆ ಅನ್ವಯವಾಗುವ ಏಕ ವೇತನ ಒಪ್ಪಂದವನ್ನು ಸಾಧಿಸಿದ. ಆ ವರ್ಷಗಳಲ್ಲಿ ಓಡುತ್ತಿದ್ದ ಬಿ-61ರ ಚಾಲಕ ಒಳ್ಳೆಯ ಸಂಬಳದ, ಒಂದು ಮನೆ ಕಟ್ಟಿ ಮಕ್ಕಳನ್ನು ಓದಿಸಬಲ್ಲ ಕಾರ್ಮಿಕನಾಗಿದ್ದ. ಹಳೆಯ ಲಾರಿಗಳ ಬಗೆಗಿನ ಅಮೆರಿಕನ್ನರ ವ್ಯಾಮೋಹದಲ್ಲಿ ಆ ಕಾಲದ ಹಂಬಲವೂ ಬೆರೆತಿದೆ.

ಆದರೆ ಆ ಚಾಲಕರ ಆಸನದಲ್ಲಿ ಯಾರಿಗೆ ಜಾಗವಿರಲಿಲ್ಲವೆಂಬುದನ್ನು ಬಾಗಿಲಿನ ಬಣ್ಣ ಹೇಳುವುದಿಲ್ಲ. ಅದಕ್ಕೆ ನ್ಯಾಯಾಲಯದ ಕಡತವನ್ನು ತೆರೆಯಬೇಕು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತ ಪ್ರಕರಣವೊಂದರಲ್ಲಿ ದೊಡ್ಡ ಸಾಗಣೆ ಸಂಸ್ಥೆಯೊಂದರ ಲೆಕ್ಕ ದಾಖಲಾಗಿದೆ. 1971ರ ಮಾರ್ಚ್ ಅಂತ್ಯಕ್ಕೆ ಅಲ್ಲಿ ದೂರಪ್ರಯಾಣದ ಚಾಲಕರು 1,828 ಮಂದಿ. ಅವರಲ್ಲಿ ಕಪ್ಪು ಜನಾಂಗದವರು 8 ಮಂದಿ. ಆ ಎಂಟೂ ಜನರನ್ನು ತೆಗೆದುಕೊಂಡದ್ದು ದಾವೆ ಆರಂಭವಾದ ಮೇಲೆ. ಉಳಿದವರಿಗೆ ಊರೊಳಗಿನ ಸಾಗಣೆ, ಕಡಿಮೆ ಸಂಬಳ. ದೂರದ ದಾರಿಯ ಸಂಬಳ, ಗೌರವ, ಆ ಥಳಥಳಿಸುವ ಬುಲ್‌ಡಾಗ್‌ನ ಹಿಂದೆ ಕೂರುವ ಹಕ್ಕು ಅವರಿಗೆ ದಕ್ಕಲಿಲ್ಲ. ಹಳೆಯ ಲಾರಿಯನ್ನು ಹೊಳಪಿಸಿ ನಿಲ್ಲಿಸಿದಾಗ ಒಂದು ಸುವರ್ಣಯುಗದ ಚಿತ್ರ ಮೂಡುವುದು ಸಹಜ. ಆ ಹೊಳಪಿನ ಪಕ್ಕದಲ್ಲಿ ಈ ಲೆಕ್ಕವೂ ನಿಲ್ಲದಿದ್ದರೆ ಅದು ಅರ್ಧ ಚರಿತ್ರೆ.

ಲೋಹದಲ್ಲಿ ಕಾನೂನು ಮೂಡಿರುವುದಕ್ಕೆ ಇನ್ನೊಂದು ನಿದರ್ಶನ ಲಾರಿಯ ಮೂತಿಯ ಉದ್ದ. ಪ್ರತಿ ಸಂಸ್ಥಾನವೂ ಲಾರಿ ಮತ್ತು ಟ್ರೇಲರುಗಳ ಒಟ್ಟು ಉದ್ದಕ್ಕೆ ಮಿತಿ ಹಾಕಿತ್ತು. ಮೂತಿ ಉದ್ದವಾದರೆ ಸರಕಿನ ಜಾಗ ಮೊಟಕಾಗುತ್ತದೆ. ಹಾಗಾಗಿ ತಯಾರಕರು ಕ್ಯಾಬಿನ್ನನ್ನು ಇಂಜಿನ್ನಿನ ಮೇಲೆಯೇ ಎತ್ತಿ ಕೂರಿಸಿದ ಚಪ್ಪಟೆ ಮೂತಿಯ ಗಾಡಿಗಳನ್ನು ತಂದರು. 1952ರ ಮ್ಯಾಕ್ 'ಎಚ್' ಮಾದರಿ ಹುಟ್ಟಿದ್ದೇ 45 ಅಡಿಯ ಒಟ್ಟು ಮಿತಿಯೊಳಗೆ 35 ಅಡಿಯ ಟ್ರೇಲರನ್ನು ಎಳೆಯಲೆಂದು. 1956ರ ಹೆದ್ದಾರಿ ಕಾಯಿದೆ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಹಣ ಒದಗಿಸಿತು. ಆ ಹೆದ್ದಾರಿಗಳಲ್ಲಿ ಗಾಡಿಯ ಒಟ್ಟು ತೂಕ 73,280 ಪೌಂಡು, ಅಂದರೆ ಸುಮಾರು 33 ಟನ್ನು ಮೀರಬಾರದೆಂದಿತು. 1982ರ ಇನ್ನೊಂದು ಕಾಯಿದೆ ಮುಖ್ಯ ಹೆದ್ದಾರಿಗಳಲ್ಲಿ ಒಟ್ಟು ಉದ್ದದ ಮಿತಿಯನ್ನು ತೆಗೆದು, ಟ್ರೇಲರಿನ ಉದ್ದವನ್ನಷ್ಟೇ ಲೆಕ್ಕಕ್ಕಿಟ್ಟಿತು. ಆಮೇಲಿನ ವರ್ಷಗಳಲ್ಲಿ ಚಪ್ಪಟೆ ಮೂತಿಯ ಟ್ರೇಲರ್ ಲಾರಿಗಳು ಅಮೆರಿಕದ ರಸ್ತೆಗಳಿಂದ ಕ್ರಮೇಣ ಮಾಯವಾದವು. ಅದಕ್ಕೂ ಮೊದಲೇ, 1980ರ ಜುಲೈ 1ರಂದು, ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯಿದೆ ದಾರಿ ಮತ್ತು ದರಗಳ ಹಳೆಯ ನಿಯಂತ್ರಣವನ್ನು ಸಡಿಲಿಸಿತ್ತು. ಸಾಗಣೆ ಅಗ್ಗವಾಯಿತು, ಅನೇಕ ಹಳೆಯ ಸಂಸ್ಥೆಗಳು ಮುಚ್ಚಿದವು, ಸಂಘದ ಬಲವೂ ಚಾಲಕರ ಗಳಿಕೆಯೂ ಇಳಿದವು. 1995ರ ಕೊನೆಗೆ ಆ ಆಯೋಗವೇ ರದ್ದಾಯಿತು. ಈಗ ಆ 'ಐಸಿಸಿ' ಅಕ್ಷರಗಳ ಅರ್ಥವನ್ನು ಕಾದಿಟ್ಟಿರುವುದು ಕೆಲವು ಗ್ರಂಥಾಲಯಗಳು ಮತ್ತು ಇಂತಹ ತುಕ್ಕುಹಿಡಿದ ಬಾಗಿಲುಗಳು.

ಹಾಗಾದರೆ ಆ ಬಾಗಿಲನ್ನು ಏನು ಮಾಡಬೇಕು? ಜೀರ್ಣೋದ್ಧಾರಕರಲ್ಲಿ ಎರಡು ಪಂಥಗಳಿವೆ. ಒಂದು ಪಂಥ ಎಲ್ಲವನ್ನೂ ಕೆರೆದು, ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುವಂತೆ ಬಣ್ಣ ಹೊಡೆಯುತ್ತದೆ. ಇನ್ನೊಂದು ಪಂಥ ಯಂತ್ರವನ್ನು ಪೂರ್ತಿ ಸರಿಪಡಿಸಿ, ಮೈಮೇಲಿನ ಬಣ್ಣ, ಗೀರು, ತಗ್ಗುಗಳನ್ನು ಇದ್ದಹಾಗೆಯೇ ಕಾಪಾಡುತ್ತದೆ. ಈ ವಾದ ಲಾರಿಗಳಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಳೆಯ ಚರ್ಚುಗಳನ್ನು 'ಸುಧಾರಿಸುವ' ಉತ್ಸಾಹ ಹಬ್ಬಿದಾಗ, ಜಾನ್ ರಸ್ಕಿನ್ 1849ರ ತನ್ನ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಗ್ರಂಥದಲ್ಲಿ ಇಂತಹ ಪುನಾರಚನೆ ವಿನಾಶಕ್ಕೆ ಸಮವೆಂದು ವಾದಿಸಿದ. 1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘವೊಂದನ್ನು ಕಟ್ಟಿದ. ಕಾಲಕಾಲಕ್ಕೆ ರಿಪೇರಿ ಮಾಡಿ, ಆದರೆ ಹೊಸದನ್ನು ಹಳೆಯದೆಂದು ತೋರಿಸಬೇಡಿ ಎಂಬುದು ಅದರ ನಿಲುವಿನ ತಿರುಳು. ನಮ್ಮ ಶಾಸನಕಾರರ ಮಾತು ಮಾರಿಸ್‌ನ ನಿಲುವಿಗೆ ದೂರದ್ದಲ್ಲ.

ಲಾರಿಯ ಮಟ್ಟಿಗೆ ಈ ತತ್ತ್ವವನ್ನು ಹೀಗೆ ಹೇಳಬಹುದೆಂದು ನಮಗೆ ತೋರುತ್ತದೆ. ಓಟಕ್ಕೂ ಸುರಕ್ಷೆಗೂ ಬೇಕಾದುದನ್ನು, ಅಂದರೆ ಬ್ರೇಕು, ಟಯರು, ಸ್ಟೇರಿಂಗು, ವೈರಿಂಗುಗಳನ್ನು, ಅನುಮಾನವಿಲ್ಲದೆ ಹೊಸದು ಮಾಡಬೇಕು. ದುಡಿಮೆಯ ಗುರುತುಗಳನ್ನು, ಅಂದರೆ ಸವೆದ ಗೇರುಹಿಡಿ, ಬಾಗಿಲ ಮೇಲಿನ ಅಕ್ಷರ, ಚಾಲಕನ ಮೊಣಕೈ ತಾಗಿ ಬಣ್ಣ ಹೋದ ಕಿಟಕಿಯ ಅಂಚನ್ನು, ಮುಟ್ಟದೆ ಬಿಡಬೇಕು. ಬದಲಿಸಿದ್ದೆಲ್ಲವನ್ನೂ ಬರೆದಿಡಬೇಕು. ಕಾರ್ಖಾನೆಯ ಹೊಳಪು ಕಂಪನಿಯ ಚರಿತ್ರೆ. ಸವೆತ ಕಾರ್ಮಿಕನ ಚರಿತ್ರೆ. ಮೊದಲನೆಯದಕ್ಕೆ ಜಾಹೀರಾತುಗಳೂ ಕ್ಯಾಟಲಾಗುಗಳೂ ಇವೆ. ಎರಡನೆಯದಕ್ಕೆ ಆ ಲಾರಿಯಲ್ಲದೆ ಬೇರೆ ಪುಸ್ತಕವಿಲ್ಲ.

ಇಷ್ಟು ದೂರ ಬಂದ ಮೇಲೆ ನಮ್ಮ ದೇಶದ ಕಡೆಗೆ ತಿರುಗದಿರಲಾಗದು. ಜಮ್‌ಶೆಡ್‌ಪುರದಲ್ಲಿ 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದಿಂದ ಟಾಟಾ-ಮರ್ಸಿಡಿಸ್-ಬೆಂಜ್ ಲಾರಿಗಳ ತಯಾರಿಕೆ ಆರಂಭವಾಯಿತು. 1969ರಲ್ಲಿ ಒಪ್ಪಂದ ಮುಗಿದಾಗ ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ 'ಟಿ' ಅಕ್ಷರ ಬಂತು. ಚೆನ್ನೈಯ ಎಣ್ಣೂರಿನಲ್ಲಿ 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಮುಂಬಯಿಯ ಕುರ್ಲಾದಲ್ಲಿ ವಾಲಚಂದ್ ಹೀರಾಚಂದರ ಪ್ರೀಮಿಯರ್ ಕಾರ್ಖಾನೆಯಿಂದ ಡಾಜ್ ಮತ್ತು ಫಾರ್ಗೊ ಲಾರಿಗಳು ಹೊರಬಂದವು. ಆ ಕಾರ್ಖಾನೆಯ ಹಿಂದೆ ಕನ್ನಡಿಗರೊಬ್ಬರ ಕನಸೂ ಇತ್ತೆಂಬುದನ್ನು ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. 1930ರ ದಶಕದಲ್ಲಿ ಮೋಟಾರು ಕೈಗಾರಿಕೆ ಭಾರತದಲ್ಲೇ ಆಗಬೇಕೆಂದು ಯುರೋಪು ಅಮೆರಿಕಗಳನ್ನು ಸುತ್ತಿ ಯೋಜನೆ ರೂಪಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು.

ನಮ್ಮ ಲಾರಿಗಳಿಗೆ ಇನ್ನೊಂದು ವೈಶಿಷ್ಟ್ಯವಿದೆ. ಬಹುಕಾಲ ಕಾರ್ಖಾನೆಗಳು ಮಾರುತ್ತಿದ್ದುದು ಇಂಜಿನ್ನು ಸಹಿತ ಬರಿಯ ಚಾಸಿಯನ್ನು. ಕ್ಯಾಬಿನ್ನನ್ನೂ ಸರಕಿನ ತೊಟ್ಟಿಯನ್ನೂ ಕಟ್ಟುತ್ತಿದ್ದವರು ಊರೂರಿನ ಬಾಡಿ ಬಿಲ್ಡಿಂಗ್ ಶೆಡ್ಡುಗಳ ಬಡಗಿಗಳು, ಟಿಂಕರ್‌ಗಳು, ಪೇಂಟರುಗಳು. ಆದ್ದರಿಂದ ಇಲ್ಲಿನ ಒಂದೊಂದು ಲಾರಿಯೂ ಅರ್ಧ ಯಂತ್ರ, ಅರ್ಧ ಕೈಕಸುಬು. ಪಕ್ಕದ ಹಲಗೆಯ ಮೇಲೆ ಬರೆದ ಖಾಲಿ ತೂಕ, ಭಾರದ ತೂಕ, 'ನ್ಯಾಷನಲ್ ಪರ್ಮಿಟ್' ಎಂಬ ಅಕ್ಷರಗಳು ನಮ್ಮ ಪರ್ಮಿಟ್ ಯುಗದ ಶಾಸನಗಳೇ. 'ಎಂವೈ' ಎಂದು ಆರಂಭವಾಗುವ ನಂಬರಿನ ಹಳೆಯ ಲಾರಿಯೊಂದು ಎಲ್ಲಿಯಾದರೂ ಉಳಿದಿದ್ದರೆ, 1973ಕ್ಕೆ ಮೊದಲಿನ ನಮ್ಮ ರಾಜ್ಯದ ಹೆಸರನ್ನು ಅದು ಮೈಮೇಲೆ ಹೊತ್ತಿದೆ. ಹೊರನಾಡಿನ ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿರುವ ಲಾರಿಯ ಬೆನ್ನಿನ ಮೇಲೆ ನಾಲ್ಕು ಕನ್ನಡ ಅಕ್ಷರ ಕಂಡರೆ ಕಣ್ಣು ಅಲ್ಲೇ ನಿಲ್ಲುವ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಆ ಅಕ್ಷರ ಬರೆದ ಪೇಂಟರನ ಹೆಸರು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಇವುಗಳಲ್ಲಿ ಒಂದನ್ನು ಜೀರ್ಣೋದ್ಧಾರ ಮಾಡಿ ರಸ್ತೆಗೆ ತರಬೇಕೆಂದರೆ ನಿಯಮ ಏನನ್ನುತ್ತದೆ? 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ಹಳೆಯ ವಾಹನಗಳಿಗಾಗಿ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು. 'ವಿಎ' ಎಂಬ ಅಕ್ಷರಗಳುಳ್ಳ ನಂಬರು, ಹತ್ತು ವರ್ಷದ ಮಾನ್ಯತೆ. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಆ ವ್ಯಾಖ್ಯೆಯೊಳಗೆ ಬರುವುದು ಸ್ವಂತ ಬಳಕೆಯ ದ್ವಿಚಕ್ರ ವಾಹನಗಳು ಮತ್ತು ಎಂ1 ವರ್ಗದ ವಾಹನಗಳು, ಅಂದರೆ ಕಾರುಗಳು. ಸರಕು ಸಾಗಣೆಯ 'ಎನ್' ವರ್ಗಕ್ಕೆ ಅಲ್ಲಿ ಜಾಗವಿಲ್ಲ. ಜೊತೆಗೆ ವಾಹನ ಮೂಲ ಸ್ವರೂಪದಲ್ಲಿರಬೇಕೆಂಬ ಷರತ್ತು. ಬಾಡಿ ಕಾರ್ಖಾನೆಯಲ್ಲಿ ಹುಟ್ಟದೆ ಶೆಡ್ಡಿನಲ್ಲಿ ಹುಟ್ಟಿದ ಲಾರಿಗೆ ಮೂಲ ಸ್ವರೂಪವೆಂದರೆ ಯಾವುದು? ಮಹಾರಾಜರು ಕೂತ ಕಾರಿಗೆ ವಂಶಾವಳಿ ಸುಲಭ. ಅಕ್ಕಿ, ಸಿಮೆಂಟು, ಕಬ್ಬಿಣ ಹೊತ್ತ ಲಾರಿಗೆ ಅದು ಕಷ್ಟ.

ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಇಲ್ಲಿ ಕಡತಗಳ ವರ್ಗೀಕರಣ ನೆನಪಾಗುತ್ತದೆ. 'ಎ' ಮತ್ತು 'ಬಿ' ವರ್ಗದ ಕಡತಗಳನ್ನು ಕಾದಿಡಬೇಕು. 'ಸಿ' ವರ್ಗದವನ್ನು ಅವಧಿ ಮುಗಿದ ಮೇಲೆ ನಾಶಮಾಡಬಹುದು. ಎಲ್ಲವನ್ನೂ ಉಳಿಸಲಾಗದು, ಸರಿ. ಹೊಗೆಯುಗುಳುವ ಹಳೆಯ ಲಾರಿಗಳು ರಸ್ತೆಯಿಂದ ಹೋಗಲೇಬೇಕು. ಅವುಗಳ ಗುಜರಿ ನೀತಿಯನ್ನು ನಾವು ವಿರೋಧಿಸುತ್ತಿಲ್ಲ. ಆದರೆ ಯಾವ ಕಡತಕ್ಕೆ ಯಾವ ವರ್ಗ ಎಂದು ನಿರ್ಧರಿಸುವಾಗ ಒಂದು ಕ್ಷಣ ನಿಂತು ಓದಬೇಕೆಂಬುದು ನಮ್ಮ ವೃತ್ತಿಯ ಪಾಠ. ಕಾರನ್ನು ಓದಿ 'ಎ' ಎಂದು ಬರೆದ ನಾವು, ಲಾರಿಯನ್ನು ಓದದೆಯೇ 'ಸಿ' ಎಂದು ಬರೆದಿದ್ದೇವೆ.

ರೈಲಿನ ವಿಷಯದಲ್ಲಿ ಹೀಗಾಗಲಿಲ್ಲ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ 1977ರಲ್ಲಿ, ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲಿ ಆರಂಭವಾದವು. 1855ರ 'ಫೇರಿ ಕ್ವೀನ್' ಉಗಿಬಂಡಿಯನ್ನು ಸರಿಪಡಿಸಿ 1997ರಲ್ಲಿ ಮತ್ತೆ ಹಳಿಗೆ ತಂದರು. ದುಡಿಯುವ ಯಂತ್ರಕ್ಕೆ ಗೌರವ ಕೊಡಲು ನಮಗೆ ಬಾರದೆಂದಲ್ಲ. ರೈಲಿಗೆ ಒಬ್ಬನೇ ಒಡೆಯ, ಅದೂ ಸರ್ಕಾರ. ಲಾರಿಗೆ ಸಾವಿರಾರು ಒಡೆಯರು, ಅವರಲ್ಲಿ ಬಹುಪಾಲು ಸಾಲದಲ್ಲಿ ಗಾಡಿ ಕೊಂಡ ಸಣ್ಣ ಮನುಷ್ಯರು. ಹಾಗಾಗಿ ಲಾರಿಯ ಚರಿತ್ರೆಯನ್ನು ಉಳಿಸುವ ಹೊಣೆ ಯಾರದ್ದೂ ಆಗದೆ ಹೋಯಿತು.

ವಿಂಟೇಜ್ ನಿಯಮದ ವ್ಯಾಖ್ಯೆಗೆ ಸರಕು ವಾಹನಗಳನ್ನೂ ಸೇರಿಸಿ, ಬಾಡಿಯ ಮಟ್ಟಿಗೆ 'ದುಡಿದ ಸ್ವರೂಪ'ವನ್ನು ಒಪ್ಪಿಕೊಂಡರೆ ಅರ್ಧ ಕೆಲಸವಾದಂತೆ. ಉಳಿದರ್ಧಕ್ಕೆ ಯಾವ ಅಧಿಸೂಚನೆಯೂ ಬೇಕಿಲ್ಲ. ಈ ಬಳಗದ ಓದುಗರಲ್ಲಿ ಲಾರಿ ನಡೆಸಿದ ಮನೆತನದವರಿರಬಹುದು. ತಂದೆಯೋ ಸೋದರಮಾವನೋ ಹುಬ್ಬಳ್ಳಿಯಿಂದ ಪುಣೆಗೆ, ಮಂಗಳೂರಿನಿಂದ ಮುಂಬಯಿಗೆ ಸರಕು ಹೊತ್ತವರಿರಬಹುದು. ಹಳೆಯ ಪರ್ಮಿಟ್ ಪುಸ್ತಕ, ಟ್ರಿಪ್ ಶೀಟು, ಲಾರಿಯ ಮುಂದೆ ನಿಂತು ತೆಗೆಸಿಕೊಂಡ ಒಂದು ಫೋಟೋ ಟ್ರಂಕಿನ ತಳದಲ್ಲಿದ್ದರೆ ಹೊರತೆಗೆಯಿರಿ. ಘಟ್ಟ ಇಳಿಯುವಾಗ ಯಾವ ಗೇರಿನಲ್ಲಿ ಇಳಿಯುತ್ತಿದ್ದಿರಿ, ಯಾವ ನಾಕಾದಲ್ಲಿ ಎಷ್ಟು ಹೊತ್ತು ಕಾಯುತ್ತಿದ್ದಿರಿ, ಕ್ಲೀನರ್ ಹುಡುಗ ಯಾವ ಊರಿನವನು ಎಂದು ಆ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಲಾರಿ ಉಳಿಯದಿದ್ದರೂ ಆ ಮಾತುಗಳು ಉಳಿದಾವು.